ಹಂಚಿನಡಿಯ ಹೆಬ್ಬೆರಳು

ಲೆಕ್ಕವೇ ಬಾರದವನಿಂದ ಯಾರಿಗೂ ತೊಂದರೆಯಿಲ್ಲ. ಅಪಾಯವೆಲ್ಲ ನನ್ನಂಥ ಏಳನೇ ಕ್ಲಾಸಿನವರಿಂದ. ಭಾಗಾಕಾರದಲ್ಲಿ ಶೇಷ ಉಳಿದರೆ ಅದನ್ನು ಉಗುರಿನಿಂದ ಕೆರೆದು ಅಳಿಸಿ, ಉತ್ತರ ಸರಿಯಾಯಿತೆಂದು ಮೇಷ್ಟ್ರಿಗೆ ತೋರಿಸುತ್ತಿದ್ದವನು ನಾನು. ಶಾಲೆ ಬಿಟ್ಟೆ, ಆ ಬುದ್ಧಿ ಬಿಡಲಿಲ್ಲ.

ಕುಂದಾಪುರದ ಹತ್ತಿರದ ಒಂದು ಹಂಚಿನ ಕಾರ್ಖಾನೆಯಲ್ಲಿ ನಾನೂ ಅಕ್ಕನೂ ಒಂದೇ ಸಾಲಿನಲ್ಲಿ ಕೆಲಸಕ್ಕಿದ್ದೆವು. ಅಚ್ಚಿಗೆ ಎಣ್ಣೆ ಸವರಿ ಮಣ್ಣಿನ ಹಲಗೆ ಇಡುವುದು ನಾನು, ಒತ್ತುವುದು ಮಂಜುನಾಥ, ಹಸಿ ಹಂಚಿನ ಅಂಚು ಕತ್ತರಿಸುವುದು ಅಕ್ಕ. ಹೊಸದಾಗಿ ಬಂದ ಮ್ಯಾನೇಜರರು ಒಂದು ದಿನ, "ಸಾಲಿನಲ್ಲಿ ಯಾರು ಎಲ್ಲರಿಗಿಂತ ನಿಧಾನವೋ ಅವರ ವೇಗವೇ ಸಾಲಿನ ವೇಗ. ಪ್ರತಿಯೊಬ್ಬರಿಗೆ ಎಷ್ಟು ಸೆಕೆಂಡು ಬೇಕು ಅಂತ ಬರೆದುಕೊಡು" ಎಂದರು. ಸೆಕೆಂಡಿನ ಮುಳ್ಳಿದ್ದ ಗಡಿಯಾರ ಅಲ್ಲಿ ನನ್ನ ಕೈಯಲ್ಲಿ ಮಾತ್ರ ಇತ್ತು. ಭಾವ ಬೊಂಬಾಯಿಯಿಂದ ತಂದದ್ದು. ಅದನ್ನು ಕಟ್ಟಿಕೊಂಡು ನಾನೇ ಅರ್ಧ ಮ್ಯಾನೇಜರನಾದೆ.

ಲೆಕ್ಕ ಹೀಗೆ ಬಂತು: ನನಗೆ ಎಂಟು, ಮಂಜುನಾಥನಿಗೆ ಆರು, ಅಕ್ಕನಿಗೆ ಹದಿನಾಲ್ಕು. ಹದಿನಾಲ್ಕು! ನನಗೇ ಬೆಚ್ಚಿಬೀಳುವಂತಾಯಿತು. ಅಕ್ಕ ಪ್ರತಿ ಹಂಚನ್ನೂ ಒಮ್ಮೆ ಎತ್ತಿ ಅಡಿಗೆ ಹೆಬ್ಬೆರಳು ಒತ್ತುವುದನ್ನು ನೋಡಿದ್ದೆ. ಏನೋ ಅಭ್ಯಾಸ ಎಂದುಕೊಂಡು ಹದಿನಾಲ್ಕನ್ನೇ ದಪ್ಪಗೆ ಬರೆದುಕೊಟ್ಟೆ.

ಮರುದಿನವೇ ಅವಳ ಜಾಗಕ್ಕೆ ಹೊಸ ಹುಡುಗಿ ಬಂದಳು. ಅಕ್ಕನಿಗೆ ಸುಟ್ಟ ಹಂಚನ್ನು ಗೂಡಿನಿಂದ ತಲೆಮೇಲೆ ಹೊರುವ ಕೆಲಸ. ಮೊದಲೇ ಅವಳ ಮೊಣಕಾಲು ನೆಟ್ಟಗಿರಲಿಲ್ಲ.

"ಹೊರೂಕೆ ಆತಿಲ್ಲ ಅಂದ್ರೆ ಮನಿಗೆ ಹೋಪ್ದ್ ಅಂಬ್ರ್" ಎಂದು ಮ್ಯಾನೇಜರರ ಮಾತನ್ನಷ್ಟೇ ಅಕ್ಕ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಹೊಸ ಹುಡುಗಿಗೆ ಎಂಟೇ ಸೆಕೆಂಡು ಸಾಕಿತ್ತು. ಸಾಲು ಓಡಿತು. ಮ್ಯಾನೇಜರರು ನನ್ನ ಬೆನ್ನು ತಟ್ಟಿದರು. ಹದಿನೈದು ದಿನ ಕಳೆದು ಆ ಹಂಚುಗಳು ಸುಟ್ಟು ಹೊರಬಂದವು. ಅಕ್ಕ ಗೂಡಿನ ಬಾಯಿಂದ ಒಂದು ಹಂಚು ಹಿಡಿದು ಕುಂಟುತ್ತ ನನ್ನೆದುರು ಬಂದು ನಿಂತಳು.

"ತಮ್ಮಾ, ಇದನ್ನ್ ಮಗ್ಚಿ ಕಾಣ್."

ಮಗುಚಿದೆ. ಹಂಚಿನಡಿಯಲ್ಲಿ ಮಾಡಿನ ಮರದ ರೀಪಿಗೆ ಸಿಕ್ಕಿ ನಿಲ್ಲುವ ಒಂದು ಉಬ್ಬು ಇರುತ್ತದೆ. ಅದೇ ಇರಲಿಲ್ಲ. ಇನ್ನೊಂದು ಮಗುಚಿದೆ, ಮತ್ತೊಂದು. ರಾಶಿಯ ಮುಕ್ಕಾಲು ಪಾಲು ಹಾಗೆಯೇ!

"ಮಾಡಿಗೆ ಹೊದ್ಸಿರೆ ಮಳಿಗಿಂತ ಮೊದ್ಲ್ ಹಂಚೇ ಬೀಳತ್ತ್" ಎಂದಳು ಅಕ್ಕ. "ನೀ ಎಣ್ಣಿ ಸವ್ರುದಿಲ್ಲ. ಮಣ್ಣ್ ಅಚ್ಚಿಗ್ ಕಚ್ಚಿ ಉಬ್ಬು ಕಿತ್ತ್ ಹೋತ್ತ್. ಇಷ್ಟ್ ವರ್ಷ ಒತ್ತಿ ಒತ್ತಿ ಕೂರ್ಸದ್ದ್ ಯಾರ್ ಅಂದ್ಕಂಡೆ?"

"ಹೇಳುಕಾಗ್ತಿರ್ಲಿಲ್ಯಾ?"

"ಹೇಳಿರೆ ನಿನ್ ಕೆಲ್ಸ ಹೋತಿತ್ತ್, ಮಾರಾಯ. ನೀ ನನ್ ಸೆಕೆಂಡ್ ಬರೆವತ್ತಿಗೆ ಎಂತಕ್ಕ್ ತಡ ಅಂತ ಕೇಂಡ್ಯಾ?"

ಎಣ್ಣೆ ತಪ್ಪಿಸಿ ನಾನು ಉಳಿಸಿದ ಆರು ಸೆಕೆಂಡನ್ನೇ ಅವಳು ಕೂತು ತೀರಿಸುತ್ತಿದ್ದಳು. ನಾನು ಎಂಟಾದದ್ದೂ ಅವಳು ಹದಿನಾಲ್ಕಾದದ್ದೂ ಹಾಗೆ.

ಮ್ಯಾನೇಜರರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ನನ್ನದೇ ಗಡಿಯಾರ ಕೇಳಿ ತೆಗೆದುಕೊಂಡು, ನನ್ನಿಂದಲೇ ಎಣ್ಣೆ ಸವರಿಸಿ ಮಣ್ಣು ಇಡಿಸಿದರು. ಹದಿನಾಲ್ಕು! ಎಣ್ಣೆಯ ಕೆಲಸವನ್ನು ಕೆಳಗಿನ ಅಚ್ಚು, ಮೇಲಿನ ಅಚ್ಚು ಎಂದು ಎರಡು ಪಾಲು ಮಾಡಿ, ಮೇಲಿನದನ್ನು ಮಂಜುನಾಥನಿಗೆ ವಹಿಸಿದರು. ಅಕ್ಕ ಅಂಚಿಗೆ ಮರಳಿದಳು. ಹೊಸ ಹುಡುಗಿ ನನ್ನ ಜಾಗದಲ್ಲಿ ಕೂತಳು. ನಾನು ಗೂಡಿಗೆ ಹೋದೆ. ಸಾಲು ಹನ್ನೊಂದು ಸೆಕೆಂಡಿಗೆ ಬಂತು, ಒಂದು ಉಬ್ಬೂ ಕಿತ್ತುಹೋಗಲಿಲ್ಲ.

ನಮ್ಮ ಮನೆಯ ಮಾಡಿಗೆ ಹೊದಿಸಿದ್ದು ಅದೇ ಕಾರ್ಖಾನೆಯ ಹಳೆಯ ಹಂಚು. ಊಟ ಮಾಡಿ ಅಂಗಾತ ಮಲಗಿದರೆ, ರೀಪುಗಳ ಪಕ್ಕದಲ್ಲಿ ಸಾಲುಸಾಲಾಗಿ ಅಕ್ಕನ ಹೆಬ್ಬೆರಳಿನ ಗುರುತು ಕಾಣುತ್ತದೆ. ನಾನು ಅಳಿಸಿದ ಶೇಷವೆಲ್ಲ ಅಲ್ಲಿದೆ. ಹಳೆಯ ಅಭ್ಯಾಸದಂತೆ ಉಗುರಿನಿಂದ ಕೆರೆಯೋಣವೆಂದರೆ, ಸುಟ್ಟ ಮಣ್ಣು.