ಆಲೆಮನೆಯವರ ಈಜುಕೊಳ

1996ರ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಕ್ಯಾತನಹಳ್ಳಿಯಲ್ಲಿ ನನ್ನ ಭಾವನ ಈಜುಕೊಳದ ನೀರು ಹಸಿರಿನಿಂದ ಬಿಳಿಗೆ ತಿರುಗಿತು. ಅಂದೇ ಮಧ್ಯಾಹ್ನ ಅವರ ಮಗಳು ಸವಿತಾಳ ಮದುವೆ ಮಾತು ಮುಗಿಸಲು ಸಿಂಧಘಟ್ಟದಿಂದ ಗಂಡಿನವರು ಬರುವವರಿದ್ದರು. ಸಂಬಂಧದ ಮಾತು ಶುರುವಾದಾಗಿನಿಂದ ಭಾವ ಹುಡುಗಿಯ ಓದಿಗಿಂತ ಕೊಳದ ನೀಲಿಯನ್ನೇ ಹೆಚ್ಚು ಹೊಗಳಿದ್ದರು. ಈಗ ತೋರಿಸದಿದ್ದರೆ ಸುಳ್ಳುಗಾರ, ತೋರಿಸಿದರೆ ದಡ್ಡ.

ಹೊಸದಾಗಿ ಈಜುಕೊಳ ಕಟ್ಟಿಸಿದವರು ಟೈಲ್ಸಿನ ಬಣ್ಣ ಆರಿಸಲು ಮೈಸೂರಿನ ಅಂಗಡಿಗಳನ್ನೆಲ್ಲ ಸುತ್ತುತ್ತಾರೆ. ಒಳಗೆ ನಿಲ್ಲುವುದು ನೀರು ಎಂಬುದನ್ನು ಆಮೇಲೆ ಗಮನಿಸುತ್ತಾರೆ. ನಿಂತ ನೀರಿಗೆ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ. ಪಾಚಿ ಸಾಯಲು ಕ್ಲೋರಿನ್ ಬೇಕು. ಕ್ಲೋರಿನ್ ಕೆಲಸ ಮಾಡಲು ನೀರು ಹೆಚ್ಚು ಆಮ್ಲವೂ ಆಗಿರಬಾರದು, ಹೆಚ್ಚು ಕ್ಷಾರವೂ ಆಗಿರಬಾರದು. ಪಿಎಚ್ ಏಳೂವರೆಯ ಆಸುಪಾಸಿನಲ್ಲಿರಬೇಕು. ಇಷ್ಟನ್ನೂ ಬರೆದರೆ ಪತ್ರಿಕೆಯಲ್ಲಿ ಎರಡು ಇಂಚಿನ ಸುದ್ದಿ. ಪತ್ರಿಕೆಯಲ್ಲೇ ದುಡಿಯುವ ನಾನು ಇದನ್ನು ಅಷ್ಟೇ ಚಿಕ್ಕದಾಗಿ ಭಾವನಿಗೆ ಹೇಳಿದ್ದೆ. ಅವರು ಹೂಂಗುಟ್ಟಿದ್ದರು.

ಭಾವನಿಗೆ ಆಲೆಮನೆಯಿದೆ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ತಿಳಿಯಾಗಲು ಸುಣ್ಣದ ನೀರು ಹಾಕುತ್ತಾರೆ, ಬೆಂಡೆಗಿಡ ಜಜ್ಜಿದ ಲೋಳೆ ಬೆರೆಸುತ್ತಾರೆ, ಮೇಲೆ ಬಂದ ಮಡ್ಡಿಯನ್ನು ತೆಗೆಯುತ್ತಾರೆ. ಇದರಲ್ಲಿ ಅವರನ್ನು ಮೀರಿಸಿದವರು ಸುತ್ತಿನಲ್ಲಿಲ್ಲ. ಕೊಪ್ಪರಿಗೆಯ ಕೆಳಗೆ ಒಲೆಯಿದೆ, ಕೊಳದ ಕೆಳಗಿಲ್ಲ ಎಂಬ ವ್ಯತ್ಯಾಸ ಅವರಿಗೆ ದೊಡ್ಡದೆನಿಸಲಿಲ್ಲ. ಪಾಚಿ ಕಟ್ಟಿದ ನೀರಿಗೆ ಮೂಟೆಗಟ್ಟಲೆ ಸುಣ್ಣ ಸುರಿಸಿ, ಮಡ್ಡಿ ಏಳಲೆಂದು ದಂಡೆಯ ಮೇಲೆ ಜಾಲರಿ ಹಿಡಿದು ಕೂತಿದ್ದರು.

ನಾನು ಗಾಜಿನ ಪುಟ್ಟ ಕೊಳವೆಯಲ್ಲಿ ನೀರು ತುಂಬಿ ಪರೀಕ್ಷೆಯ ದ್ರಾವಣದ ಹನಿ ಬಿಟ್ಟೆ. ಬದನೆಕಾಯಿ ಬಣ್ಣ ಬಂತು.

"ಅದೇನ್ಲಾ, ನೀರಿನ ಜಾತ್ಕ ನೋಡ್ತಿದ್ದೀಯಾ?" ಎಂದರು ಭಾವ.

"ಸುಣ್ಣ ವಿಪರೀತ ಆಗಿದೆ ಭಾವ. ಇನ್ನು ಕ್ಲೋರಿನ್ ಹಾಕಿದರೂ ದಂಡ. ಅಳತೆ ನೋಡಿ ಆಸಿಡ್ ಬೆರೆಸಬೇಕು, ಫಿಲ್ಟರ್ ಓಡಿಸಬೇಕು. ಅಲ್ಲಿಯವರೆಗೆ ಯಾರೂ ಇಳಿಯಬಾರದು, ಕಣ್ಣು ಉರಿಯುತ್ತೆ."

"ಬೆಲ್ಲ ಬೇಯ್ಸೋನಿಗೆ ಸುಣ್ಣದ ಪಾಠ ಏಳ್ತಾನೆ, ನೋಡೇ ನಿನ್ ತಮ್ಮ!"

"ನೀವು ಸುಮ್ಕೆ ಕೂತ್ಕಳಿ," ಎಂದಳು ಅಕ್ಕ. "ಬೀಗ್ರು ಬಂದ್ರೆ ಏನ್ ತೋರ್ಸೀರಿ? ಮೊಸ್ರು ಎಪ್ಪಾಕಿವ್ನಿ ಅಂತೀರಾ?"

ಗಂಡಿನ ತಂದೆ ಬಂದವರೇ ಕಾಫಿಗೂ ಕೂರದೆ ಕೊಳ ನೋಡಲು ಹಿತ್ತಲಿಗೆ ನಡೆದರು. ಅಕ್ಕ ಬಾಗಿಲಲ್ಲೇ ನಿಂತಳು. ಹಿರಿಯರು ಬಗ್ಗಿ, ಒಂದು ಬೊಗಸೆ ನೀರೆತ್ತಿ, ಬೆರಳಲ್ಲಿ ಉಜ್ಜಿ ನೋಡಿದರು.

"ಸುಣ್ಣ ವಸಿ ಜಾಸ್ತಿ ಆಗದೆ, ಬೀಗ್ರೇ."

"ನಂಗೂ ಅಂಗೇ ಅನ್ನುಸ್ತು ಕಣಿ," ಎಂದರು ಭಾವ, ನನ್ನ ಕಡೆ ನೋಡದೆ.

"ಬೆಂಡೆ ಲೋಳೆ ಬುಟ್ರಾ?"

"ಅದೊಂದು ಬಾಕಿ."

"ಅದ್ಕೇಯಾ! ಲೋಳೆ ಇಲ್ದೆ ಮಡ್ಡಿ ಎಂಗ್ ಎದ್ದಾತು?"

ಅವರಿಗೂ ಆಲೆಮನೆ ಇದೆಯಂತೆ. ಇಬ್ಬರೂ ಪಂಚೆ ಎತ್ತಿ ಕಟ್ಟಿ ದಂಡೆಯ ಮೇಲೆ ಕೂತರು. ಬೆಂಡೆಗಿಡ ಕಿತ್ತು ತರಲು ನನ್ನನ್ನು ಅಟ್ಟಿದರು. ನಾನು ಹೊರೆ ಹೊತ್ತು ಬರುವಷ್ಟರಲ್ಲಿ ತಾಂಬೂಲ ಬದಲಾಗಿತ್ತು. ಲೋಳೆ ಬಿದ್ದ ಮೇಲೆ ನೀರು ಬಿಳಿಯಾಗಿಯೇ ಉಳಿದು, ಜಾರಲೂ ತೊಡಗಿತು.

ಈಗ ಸಿಂಧಘಟ್ಟದಲ್ಲೂ ಈಜುಕೊಳ ತೋಡುತ್ತಿದ್ದಾರೆ. ಅಲ್ಲಿನ ನೀರಿನ ಉಸ್ತುವಾರಿ ಭಾವನದು. ಮದುವೆಯ ಪಂಕ್ತಿಯಲ್ಲಿ ಲೋಟಗಳಿಗೆ ನೀರು ಬಿಡುವ ಕೆಲಸ ನನಗೆ ಕೊಟ್ಟಿದ್ದಾರೆ.