ಕಟ್ಟಿಗೆ ತಾರದವರು ಕೂರುವಂತಿಲ್ಲ

ಬೆಂಕಿಯ ಸುತ್ತ ನಾಲ್ಕು ಜನ ಕೂತರೆ ಏನಾದರೊಂದು ಆಗುತ್ತಲೇ ಇರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಪಿಂಪ್ರಿಯ ನಮ್ಮ ಸಾಲುಮನೆಗಳ ಚಾಳದ ಮುಂದೆ ಚಳಿಗಾಲದ ಬೆಳಗಿನ ಜಾವ ಹೀಗೆ ಕೂರುತ್ತಿದ್ದವರು ಗೋಡೆ ಕಟ್ಟುವ ಒಬ್ಬ ಗೌಂಡಿ ಮೇಸ್ತ್ರಿ, ಒಬ್ಬ ಹೋಟೆಲಿನವರು, ಕಾರ್ಖಾನೆಯ ಒಬ್ಬ ಫಿಟ್ಟರ್ ಮತ್ತು ಕನ್ನಡ ಶಾಲೆಯ ಮಾಸ್ತರನಾದ ನಾನು. ನಿಯಮ ಒಂದೇ: ಕಟ್ಟಿಗೆ ತಾರದವರು ನಿಂತೇ ಇರಬೇಕು. ಅಲ್ಲಿ ನಡೆದದ್ದನ್ನು ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದೆ. ಅವಳು ಚಪಾತಿ ಲಟ್ಟಿಸುತ್ತ ನಗುತ್ತಿದ್ದಳು.

ನೇರ ಗೋಡೆ

ಒಂದು ದಿನ ಮೇಸ್ತ್ರಿ ತಂದ ಕಟ್ಟಿಗೆ ಬಹಳ ಚೆನ್ನಾಗಿ ಉರಿಯಿತು. ಅರ್ಧ ಸುಟ್ಟ ಮೇಲೆ ಅವನು ಎದ್ದು ನಿಂತ.

"ಅಯ್ಯ, ಗ್ವಾಡಿ ನೆಟ್ಟಗ ಅದನೋ ಇಲ್ಲೋ ನೋಡೂ ಕಟಿಗಿ ಪಟ್ಟಿರಿ ಇದು! ಕತ್ತಲಾಗ ಇದನ್ನ ತಂದೀನಿ. ಇವತ್ತ ಗ್ವಾಡಿ ಹ್ಯಾಂಗ ಕಟ್ಟಲಿ?"

ಹೋಟೆಲಿನವರು ಕೈ ಕಾಯಿಸುತ್ತಲೇ ಕೇಳಿದರು: "ಅಲ್ಲ ಮಾರಾಯ, ನಿನ್ನೆವರೆಗೆ ನೆಟ್ಟಗಿತ್ತಾ?"

ರಜಾ ಅರ್ಜಿ

ಹೋಟೆಲಿನವರು ಒಂದು ಚೀಲ ತೆಂಗಿನ ಸಿಪ್ಪೆ ತಂದಿದ್ದರು. ಅದು ಹಸಿ. ಎದ್ದ ಹೊಗೆಯಲ್ಲಿ ಕಾರ್ಖಾನೆಯ ಬಸ್ಸಿನ ಡ್ರೈವರನಿಗೆ ಫಿಟ್ಟರ್ ಕಾಣಲಿಲ್ಲ, ಫಿಟ್ಟರನಿಗೆ ಬಸ್ಸು ಕಾಣಲಿಲ್ಲ. ಪಾಳಿ ತಪ್ಪಿತು. ಸಾಹೇಬರಿಗೆ ಕೊಡಲು ಮರಾಠಿಯಲ್ಲಿ ಅರ್ಜಿ ನಾನೇ ಬರೆದುಕೊಟ್ಟೆ. ಸಿಪ್ಪೆ, ಹೊಗೆ, ಗಾಳಿ ಬೀಸಿದ ದಿಕ್ಕು, ಒಂದನ್ನೂ ಬಿಡಲಿಲ್ಲ. ಮರುದಿನ ಕೇಳಿದೆ: "ಸಾಹೇಬರು ನಂಬಿದರೆ?"

"ನಂಬಿದ್ರರಿ. ಜ್ವರ ಅಂತ ಬರಕೊಂಡ ಬಾ ಅಂದ್ರು. ಖರೇ ಬರದ್ರ ಮ್ಯಾಲಿನವರು ನಂಬೂದಿಲ್ಲಂತ."

ಹೆಂಡತಿ ಇದಕ್ಕೆ ಎರಡು ದಿನ ನಕ್ಕಳು.

ಲಟ್ಟಣಿಗೆ

ಮರುವರ್ಷ ದೀಪಾವಳಿ ಕಳೆದ ಮೇಲೆ ಅವಳು ತೀರಿಕೊಂಡಳು. ಚಳಿ ಬಂತು, ಬೆಂಕಿ ಹೊತ್ತಿತು. ನಾನು ಹೋಗಲಿಲ್ಲ. ಅಲ್ಲಿ ನಕ್ಕು ಬಂದು ಹೇಳುವುದು ಯಾರಿಗೆ? ಗೆಳೆಯರು ದಿನವೂ ಕಿಟಕಿಯ ಹೊರಗೆ ನಿಂತು ಕರೆದು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಎದ್ದು ಹೊರಟೆ. ಹೊಸ್ತಿಲಲ್ಲಿ ನಿಯಮ ನೆನಪಾಯಿತು. ಅಡಿಗೆಮನೆಯ ಕತ್ತಲಲ್ಲಿ ಕೈಗೆ ಸಿಕ್ಕ ಕಟ್ಟಿಗೆ ಹಿಡಿದು ಬಂದೆ. ಬೆಂಕಿಯ ಬೆಳಕಿನಲ್ಲಿ ನೋಡಿದರೆ ಅವಳ ಲಟ್ಟಣಿಗೆ. ಮೇಸ್ತ್ರಿಯ ತಪ್ಪನ್ನೇ ನಾನೂ ಮಾಡಿದ್ದೆ.

ಮೇಸ್ತ್ರಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ತನ್ನ ರುಮಾಲಿನಿಂದ ಒರೆಸಿ, ಮತ್ತೆ ನನ್ನ ಕೈಗೇ ಕೊಟ್ಟ. "ಕಟಿಗಿ ತಂದಾರ. ಕುಂದ್ರಲಿ."

"ಅದನ್ನು ಸುಡಬೇಡಿ ಮಾರಾಯ್ರೆ, ಲಟ್ಟಿಸ್ಲಿಕ್ಕೆ ಕಲೀರಿ," ಎಂದರು ಹೋಟೆಲಿನವರು.

ಆ ಭಾನುವಾರ ಅವರು ನಾದಿದ ಹಿಟ್ಟು, ಕಾವಲಿ ತಂದರು. ಮೇಸ್ತ್ರಿ ಮೂರು ಇಟ್ಟಿಗೆ ಇಟ್ಟ. ನಾನು ಲಟ್ಟಿಸಿದ್ದು ಸೊಟ್ಟಗಾಯಿತು. ಸೊಟ್ಟಗಿರುವುದನ್ನು ಬಿಡುವುದು ನನಗೆ ಆಗುವುದಿಲ್ಲ. ಒಳಗಿನಿಂದ ಶಾಲೆಯ ಕೈವಾರ ತಂದು, ವೃತ್ತ ಎಳೆದು, ಅಂಚು ಕತ್ತರಿಸಿ ಸುಟ್ಟೆ. ಮತ್ತೆ ಮತ್ತೆ ತಿರುವಿ ಹಾಕಿ ಸುಟ್ಟೆ.

ಮೇಸ್ತ್ರಿ ಮುರಿಯಲು ನೋಡಿದ, ಆಗಲಿಲ್ಲ. ಕಚ್ಚಿದ, ಆಗಲಿಲ್ಲ. ಇಟ್ಟಿಗೆಗೆ ಬಡಿದ, ಟಕ್ಕೆಂದಿತು. ಅವಳು ಇದ್ದಿದ್ದರೆ ಎಷ್ಟು ನಗುತ್ತಿದ್ದಳೆಂದು ನೆನೆದು ಮೊದಲು ನಕ್ಕದ್ದು ನಾನೇ.

ಮೇಸ್ತ್ರಿ ಮಾತ್ರ ನಗದೆ ಆ ಚಪಾತಿಯನ್ನು ಎರಡೂ ಕೈಯಿಂದ ನನಗೆ ಮರಳಿಸಿದ.

"ಮಾಸ್ತರ್ರ, ಲಟ್ಟಣಗಿ ಮನ್ಯಾಗ ಇರ್ಲ್ರಿ. ನಾಳಿಂದ ದಿನಾ ಇಂಥಾದೊಂದ ತರ್ರಿ. ಭಾಳ ಹೊತ್ತು ಉರೀತದ."