ಅಪ್ಪ ಅಮ್ಮನ ವ್ಯಾಜ್ಯದ ದಿನಗಳು

ಅಪ್ಪ ಕಾಣಿಯೂರಿನಲ್ಲಿ, ಅಮ್ಮ ಪಂಜದ ತವರಿನಲ್ಲಿ, ಇಬ್ಬರ ವ್ಯಾಜ್ಯ ಪುತ್ತೂರು ಕೋರ್ಟಿನಲ್ಲಿ. ವಿಚ್ಛೇದನದ ಕಾನೂನು ಬಂದು ಆಗ ಹೆಚ್ಚು ಕಾಲ ಆಗಿರಲಿಲ್ಲ. ನಡುವೆ ಓಡಾಡಲು ನಾನೊಬ್ಬಳೇ ಮಗಳು. ಇಂಥ ಕಡೆ ನಗು ಬರುವ ಸಂಗತಿಗಳು ನಡೆಯದೆ ಹೋದರೇ ಆಶ್ಚರ್ಯ. ಜೊತೆಗೆ ನಗಲು ಯಾರೂ ಇರಲಿಲ್ಲ, ಅಷ್ಟೆ. ಕೋರ್ಟು ಹತ್ತಿದವರ ಮಗಳೆಂದು ಶಾಲೆಯಲ್ಲಿ ಮಕ್ಕಳೂ ನನ್ನ ಪಕ್ಕ ಕೂರುತ್ತಿರಲಿಲ್ಲ. ನನ್ನ ಆಸೆ ದೊಡ್ಡದೇನಲ್ಲ. ಅವರು ಒಟ್ಟಿಗೆ ಇರದಿದ್ದರೂ ಸರಿ, ನನ್ನೆದುರು ಒಬ್ಬರನ್ನೊಬ್ಬರು ಬಯ್ಯದಿದ್ದರೆ ಸಾಕಿತ್ತು.

ಬೆಲ್ಲದ ತುಂಡು

ರಜೆ ಮುಗಿದು ನನ್ನನ್ನು ಪಂಜಕ್ಕೆ ಬಿಡಲು ಬಂದಾಗಲೆಲ್ಲ ಅಪ್ಪ ಅಂಗಳದಲ್ಲೇ ನಿಂತು ಬಯ್ಯಲು ಸುರು ಮಾಡುತ್ತಿದ್ದರು. ಆದರೆ ನಮ್ಮ ಕಡೆ ಅಂಗಳಕ್ಕೆ ಬಂದವರು ವೈರಿಯೇ ಆಗಲಿ, ಬೆಲ್ಲ ನೀರು ಕೊಡದೆ ಕಳಿಸುವಂತಿಲ್ಲ. ಒಂದು ಸಲ ಅಮ್ಮ ಮುಖ ಊದಿಸಿಕೊಂಡು ಒಳಗೆ ಹೋಗಿ, ಅಂಗೈಯಗಲದ ಬೆಲ್ಲ ತಂದು ನನ್ನ ಕೈಗಿಟ್ಟಳು.

"ಇಷ್ಟು ದೊಡ್ಡದು ಯಾಕಮ್ಮ?"

"ಕೊಡು ಕೊಡು. ಅದು ಬಾಯಲ್ಲಿರುವಷ್ಟು ಹೊತ್ತು ಮಾತಾಡ್ಲಿಕ್ಕೆ ಆಗುದಿಲ್ಲ."

ನನ್ನ ಉದ್ಯೋಗ

ಎದುರುಬದುರು ನಿಂತರೂ ಅವರು ನೇರ ಮಾತಾಡುತ್ತಿರಲಿಲ್ಲ. "ನಿನ್ನ ಅಪ್ಪನಿಗೆ ಹೇಳು", "ನಿನ್ನ ಅಮ್ಮನಿಗೆ ಹೇಳು". ಎರಡು ಕಡೆಯ ಬಯ್ಗುಳವೂ ನನ್ನ ಬಾಯಿಂದಲೇ ಹೊರಡಬೇಕು. ಒಮ್ಮೆ ನನ್ನ ಜ್ವರದ ಮದ್ದಿನ ವಿಷಯಕ್ಕೆ ಮಾತು ಏರಿತು. ಒಬ್ಬರದನ್ನು ಮುಟ್ಟಿಸುವ ಮೊದಲೇ ಇನ್ನೊಬ್ಬರದು ತಯಾರು. ಸುಸ್ತಾಗಿ ನಾನು ಒಳಗೆ ಹೋಗಿ ಚಾಪೆಯಲ್ಲಿ ಮಲಗಿದೆ. ಜಗಳ ನಿಲ್ಲಲಿಲ್ಲ. ನನ್ನ ಜ್ವರದ ಜಗಳಕ್ಕೂ ನಾನು ಬೇಡವಾದೆನಲ್ಲ ಎಂದು ಅಳು ಬಂತು.

ಕೊನೆಗೆ ಅಪ್ಪ, "ಹೇಳು ನಿನ್ನ ಅಮ್ಮನಿಗೆ, ನಾನು ಹೊರಟೆ" ಎಂದು ತಿರುಗಿದರೆ ನಾನಿಲ್ಲ.

"ಮಗು ಎಲ್ಲಿ?"

"ಅವಳು ಆಗಲೇ ಹೋಗಿ ಮಲಗಿದ್ದಾಳೆ."

"ಹಾಗಾದ್ರೆ ಇಷ್ಟು ಹೊತ್ತು ನಾನು ಮಾತಾಡಿದ್ದು ಯಾರ ಹತ್ರ?"

ತೀರ್ಪಿನ ದಿನ

ಹಾಗೆ ಸಿಕ್ಕಿಬಿದ್ದ ನಾಚಿಕೆಯ ನಂತರ ಅವರು ನೇರವಾಗಿಯೇ ಮಾತಾಡತೊಡಗಿದರು. ನೇರ ಹೇಳಬೇಕಾದಾಗ ಬಯ್ಗುಳ ತಾನಾಗಿ ಕಡಿಮೆಯಾಯಿತು. ತೀರ್ಪಿನ ದಿನ ಕೋರ್ಟಿನ ಹೊರಗೆ ಅಮ್ಮ ಬುತ್ತಿ ಬಿಚ್ಚಿ ಅಪ್ಪನಿಗೂ ಒಂದು ಬಾಳೆಲೆ ಹಾಕಿದಳು. ಅಮ್ಮನ ವಕೀಲರು ಓಡಿ ಬಂದರು: "ನೀವು ಹೀಗೆ ಒಟ್ಟಿಗೆ ಕೂತು ಉಂಡರೆ ನಾನು ಒಳಗೆ ಎಂತ ಹೇಳುದು ಮಾರಾಯ್ರೆ? ಸ್ವಲ್ಪ ದೂರ ಕೂತ್ಕೊಳ್ಳಿ!" ಅಪ್ಪ ಎಲೆ ಎಳೆದುಕೊಂಡು ಆಚೆ ಸರಿದರು. ಅಮ್ಮ ಅಲ್ಲಿಗೂ ಕೈ ಚಾಚಿ ಉಪ್ಪಿನಕಾಯಿ ಬಡಿಸಿದಳು.

ವಿಚ್ಛೇದನ ಆಯಿತು. ಸಂಜೆ ವಾಪಸು ಹೋಗಲು ಇದ್ದದ್ದೂ ಒಂದೇ ಬಸ್ಸು. ಅಮ್ಮನಿಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆ ಎಂದು ಅಪ್ಪ ಕಿಟಕಿ ಬದಿ ಬಿಟ್ಟುಕೊಟ್ಟರು. ನಡುವೆ ನಾನು. ನನ್ನನ್ನು ಮುಂದೆ ಯಾವ ಶಾಲೆಗೆ ಹಾಕುವುದೆಂದು ಇಬ್ಬರೂ ಮೆಲ್ಲಗೆ, ಸಮಾಧಾನದಲ್ಲಿ ಮಾತಾಡುತ್ತಿದ್ದರು. ನಾನು ಬಯಸಿದ್ದು ಇದನ್ನೇ. ಆದರೂ ಕಾಣಿಯೂರು ಬಂದರೆ ಅಪ್ಪ ಇಳಿದು ಹೋಗುತ್ತಾರೆ ಎಂದು ನಾನು ಅವರ ಅಂಗಿಯ ಅಂಚು ಹಿಡಿದೇ ಕೂತಿದ್ದೆ.

ಹಿಂದಿನ ಸೀಟಿನ ಅಜ್ಜಿಯೊಬ್ಬಳು ಇದನ್ನೆಲ್ಲ ನೋಡುತ್ತಾ ಇದ್ದವಳು ಅಮ್ಮನ ಕಡೆ ಬಾಗಿದಳು. "ಎಷ್ಟು ಚಂದ ಮಾರಾಯ್ತಿ ನಿಮ್ಮ ಜೋಡಿ! ನನ್ನ ಮಗ ಸೊಸೆ ದಿನಾ ಕಚ್ಚಾಡುದು. ನಿಮ್ಮ ಹಾಗೆ ಇರ್ಲಿಕ್ಕೆ ಅವರು ಎಂತ ಮಾಡ್ಬೇಕು?"

ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು. ಅಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು:

"ಪುತ್ತೂರಲ್ಲಿ ಒಬ್ಬರು ಒಳ್ಳೆ ವಕೀಲರು ಇದ್ದಾರೆ, ಅಜ್ಜಿ."